ನಳ ಕೂಡಿಸುವವನ ಸಹಿ

ಪ್ರತಿವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ನನ್ನ ಫೋನಿಗೆ ಬಿಡುವಿರುವುದಿಲ್ಲ. ಹಾನಗಲ್ಲಿನಿಂದ ಒಬ್ಬರು, ಹಿರೇಕೆರೂರಿನಿಂದ ಮತ್ತೊಬ್ಬರು, ಸವಣೂರು, ಶಿಗ್ಗಾವಿ ಕಡೆಯ ಬೀಗರ ಪೈಕಿ ಇನ್ನೊಬ್ಬರು. ಎಲ್ಲರದೂ ಒಂದೇ ಪ್ರಶ್ನೆ: ‘ಹುಡುಗ ಮುಂದ ಓದೂದಿಲ್ಲ ಅಂತಾನ್ರಿ. ನಿಮ್ಮ ಕೆಲಸಕ್ಕರೆ ಹಚ್ಚೋಣಂತ ಮಾಡೇವಿ. ಪೈಪ್ ಹಿಡಿದ್ರ ಹೊಟ್ಟಿ ತುಂಬತದೇನ್ರಿ?’

‘ಕೆಲಸಕ್ಕರೆ’ ಎನ್ನುವ ಆ ಮಾತಿನಲ್ಲಿ ಸೋಲಿನ ದನಿ ಇರುತ್ತದೆ. ಓದು ಹತ್ತದವನಿಗೆ ಕಡೆಯ ದಾರಿ ಇದು ಎಂಬ ಲೆಕ್ಕ. ಸುಮಾರು ಮೂವತ್ತು ವರ್ಷ ಈ ಕಸುಬಿನಲ್ಲಿದ್ದವನಾದ್ದರಿಂದ, ಒಬ್ಬೊಬ್ಬರಿಗೆ ಹೇಳುವುದನ್ನು ಇಲ್ಲಿ ಎಲ್ಲರಿಗೂ ಒಟ್ಟಿಗೇ ಹೇಳಿಬಿಡುತ್ತೇನೆ. ಹೊಟ್ಟೆ ತುಂಬುತ್ತದೆ. ಆದರೆ ಓದು ಬಿಟ್ಟವನಿಗಲ್ಲ, ಕೆಲಸವನ್ನು ಓದಿನಂತೆ ಕಲಿತವನಿಗೆ.

ನನ್ನ ತಂದೆ ಹಾನಗಲ್ ಸೀಮೆಯಲ್ಲಿ ಗೌಂಡಿ ಕೆಲಸ ಮಾಡುತ್ತಿದ್ದರು. ನಾನು ಎಸ್ಸೆಸ್ಸೆಲ್ಸಿ ಪಾಸಾದದ್ದು 1994ರಲ್ಲಿ. ಆಗಿನ್ನೂ ನಮ್ಮದು ಧಾರವಾಡ ಜಿಲ್ಲೆ; ಹಾವೇರಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಹುಬ್ಬಳ್ಳಿಯ ಒಬ್ಬ ಮೇಸ್ತ್ರಿಯ ಕೈಕೆಳಗೆ ದಿನಕ್ಕೆ 25 ರೂಪಾಯಿಗೆ ಸೇರಿದೆ. ಅದು ಜಿಐ ಪೈಪುಗಳ ಕಾಲ. ಪೈಪನ್ನು ವೈಸಿಗೆ ಕಚ್ಚಿಸಿ, ಡೈ ಹಾಕಿ ತಿರುವಿ ಎಳೆ ಕೊರೆಯಬೇಕು. ಎಳೆಗೆ ಸಣಬು ಸುತ್ತಿ, ಸಫೇದ ಹಚ್ಚಿ, ರೆಂಚಿನಿಂದ ಬಿಗಿಯಬೇಕು. ಮೊದಲ ಆರು ತಿಂಗಳು ನನಗೆ ಕೊಟ್ಟಿದ್ದು ಗೋಡೆಗೆ ಕಾಡಿ ಹೊಡೆಯುವ ಕೆಲಸ ಮಾತ್ರ. ಈಗ ಸಿಪಿವಿಸಿ ಪೈಪು ಬಂದು, ಸಾಲ್ವೆಂಟ್ ಹಚ್ಚಿ ಒತ್ತಿ ಹಿಡಿದರೆ ಕೂಡುತ್ತದೆ. ಕೈಗೆ ಹಗುರಾಯಿತು. ಜೊತೆಗೆ, ಎರಡು ದಿನ ನೋಡಿದವನೂ ‘ನಾನು ಪ್ಲಂಬರ್’ ಎನ್ನುವಂತಾಯಿತು. ಕಷ್ಟ ಶುರುವಾದದ್ದು ಅಲ್ಲಿಂದ.

ಕೆಲವು ವರ್ಷಗಳ ಹಿಂದೆ ನಮ್ಮ ಈ ನಾಲ್ಕು ತಾಲ್ಲೂಕುಗಳ ಪೈಕಿ ಒಂದು ಊರಿನ ಓಣಿಯಿಂದ ಕರೆ ಬಂತು. ಊರಿನ ಹೆಸರು ಬೇಡ. ಓಣಿಯ ಮಕ್ಕಳಿಗೆಲ್ಲ ವಾಂತಿಭೇದಿ. ನಳದ ನೀರು ಬಂದ ಮೊದಲ ಹತ್ತು ನಿಮಿಷ ವಾಸನೆ, ಆಮೇಲೆ ತಿಳಿ. ಅಲ್ಲಿ ನೀರು ಬಿಡುತ್ತಿದ್ದುದು ವಾರಕ್ಕೊಮ್ಮೆ. ಅಗೆದು ನೋಡಿದರೆ ಒಂದು ಮನೆಯ ಜೋಡಣೆ ಪೈಪು ಗಟಾರದ ಒಳಗಿನಿಂದಲೇ ಹಾದುಹೋಗಿತ್ತು; ಜಾಯಿಂಟಿಗೆ ಸಾಲ್ವೆಂಟ್ ಇಲ್ಲ, ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದ್ದರು. ನೀರು ಬಿಟ್ಟಾಗ ಒತ್ತಡಕ್ಕೆ ಪೈಪಿನ ನೀರು ಹೊರಗೆ ಸೋರುತ್ತದೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನೀರು ನಿಂತ ಮೇಲೆ ಪೈಪು ಬರಿದಾಗಿ, ಅದೇ ಸಂದಿನಿಂದ ಗಟಾರದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಮುಂದಿನ ವಾರ ಅದೇ ನೀರು ಓಣಿಯ ಎಲ್ಲ ಕೊಡಗಳಿಗೆ.

ಆ ಜಾಯಿಂಟ್ ಹಾಕಿದವರು ಯಾರೆಂದು ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ. ‘ಯಾರೋ ಒಬ್ಬ ಹುಡುಗ ಬಂದಿದ್ದ’ ಎಂದರು ಅಷ್ಟೆ. ಕಾಗದದಲ್ಲಿ ಹೆಸರಿಲ್ಲ, ಸಹಿಯಿಲ್ಲ. ಒಂದು ಕೂಸಿಗೆ ಸಲೈನ್ ಹಚ್ಚಿದ್ದರು. ಆ ಕೂಸಿನ ತಾಯಿ ಯಾರನ್ನು ಕೇಳಬೇಕು?

ಲೈಸೆನ್ಸ್ ಎಂದರೆ ಏನೆಂಬುದು ನನಗೆ ಪೂರ್ತಿ ಅರ್ಥವಾದದ್ದು ಆವತ್ತು. ಗೌಂಡಿ ಕಟ್ಟಿದ ಗೋಡೆ ಕಣ್ಣಿಗೆ ಕಾಣುತ್ತದೆ, ಬಡಿಗ ಮಾಡಿದ ಬಾಗಿಲು ಕಾಣುತ್ತದೆ. ಪ್ಲಂಬರನ ಕೆಲಸ ಗೋಡೆಯೊಳಗೆ, ನೆಲದೊಳಗೆ ಮುಚ್ಚಿಹೋಗುತ್ತದೆ. ಕಾಣದ ಕೆಲಸಕ್ಕೆ ಒಬ್ಬ ಹೊಣೆಗಾರ ಬೇಕು. ಆ ಹೊಣೆಯ ಹೆಸರೇ ಲೈಸೆನ್ಸ್.

ಡ್ರೈವಿಂಗ್ ಲೈಸೆನ್ಸಿನಂತೆ ದೇಶಕ್ಕೆಲ್ಲ ಸಲ್ಲುವ ಪ್ಲಂಬರ್ ಲೈಸೆನ್ಸ್ ಭಾರತದಲ್ಲಿ ಇಲ್ಲ. ನೀರು ಕೊಡುವ ಸ್ಥಳೀಯ ಸಂಸ್ಥೆಯೇ ಅದನ್ನು ಕೊಡುತ್ತದೆ. ಬೆಂಗಳೂರಿನಲ್ಲಿ ಅದು ಜಲಮಂಡಳಿ. ಉಳಿದ ಊರುಗಳಲ್ಲಿ ನಗರಸಭೆ, ಪುರಸಭೆಗಳನ್ನು ವಿಚಾರಿಸಬೇಕು. ಆದ್ದರಿಂದ ಒಂದು ಊರಿನ ಲೈಸೆನ್ಸ್ ಇನ್ನೊಂದು ಊರಿನಲ್ಲಿ ನಡೆಯುತ್ತದೆಂದು ತಿಳಿಯಬಾರದು. ಅಮೆರಿಕದ ಹಲವು ರಾಜ್ಯಗಳಲ್ಲಿ ನಾಲ್ಕೈದು ವರ್ಷ ಅಪ್ರೆಂಟಿಸ್ ಆಗಿ ದುಡಿದು, ಪರೀಕ್ಷೆ ಪಾಸಾದ ಮೇಲಷ್ಟೇ ಸ್ವತಂತ್ರವಾಗಿ ಪೈಪು ಮುಟ್ಟಬಹುದು. ನಮ್ಮಲ್ಲಿ ಅಷ್ಟು ಬಿಗಿಯಿಲ್ಲ. ಬಿಗಿಯಿಲ್ಲದ್ದರಿಂದಲೇ ಕಲಿತವನಿಗೂ ಕಲಿಯದವನಿಗೂ ಒಂದೇ ಕೂಲಿ ಎನ್ನುವ ಸ್ಥಿತಿ ಬಹುಕಡೆ ಇದೆ.

ಹಾಗಾದರೆ ಕಲಿಯುವುದೆಲ್ಲಿ? ನೇರ ದಾರಿ ಐಟಿಐ. ಪ್ಲಂಬರ್ ಟ್ರೇಡಿಗೆ ಒಂದು ವರ್ಷದ ತರಬೇತಿ. ಸೇರಲು 14 ವರ್ಷ ತುಂಬಿರಬೇಕು. ಪಾಸಾದರೆ ರಾಷ್ಟ್ರೀಯ ಟ್ರೇಡ್ ಸರ್ಟಿಫಿಕೇಟ್ ಸಿಗುತ್ತದೆ. ಎಲ್ಲ ಐಟಿಐಗಳಲ್ಲೂ ಈ ಟ್ರೇಡ್ ಇರುವುದಿಲ್ಲ. ಅರ್ಜಿ ತುಂಬುವ ಮೊದಲೇ ಹತ್ತಿರದ ಸಂಸ್ಥೆಗೆ ಹೋಗಿ ಕೇಳಿ ಬನ್ನಿ. ನಾನು ಎರಡು ವರ್ಷ ಮೇಸ್ತ್ರಿಯ ಕೈಯಲ್ಲಿ ಪಳಗಿದ ಮೇಲೆ 1996ರಲ್ಲಿ ಐಟಿಐ ಸೇರಿದೆ. ‘ಗೊತ್ತಿದ್ದದ್ದನ್ನ ಮತ್ತೇನ್ ಕಲೀತಿ?’ ಎಂದು ಗೆಳೆಯರು ನಕ್ಕಿದ್ದರು. ಮೇಸ್ತ್ರಿ ನನಗೆ ‘ಹೇಗೆ’ ಎಂಬುದನ್ನು ಕಲಿಸಿದ್ದರು. ‘ಯಾಕೆ’ ಎಂಬುದು ತಿಳಿದದ್ದು ಐಟಿಐಯಲ್ಲಿ.

ಒಂದು ಉದಾಹರಣೆ ಕೊಡುತ್ತೇನೆ, ವಿದ್ಯಾರ್ಥಿಗಳು ಗಮನಿಸಬೇಕು. ಹತ್ತು ಮೀಟರ್ ಎತ್ತರದ ನೀರು ಚದರ ಸೆಂಟಿಮೀಟರಿಗೆ ಒಂದು ಕಿಲೋ ಒತ್ತಡ ಕೊಡುತ್ತದೆ. ನಳಕ್ಕಿಂತ ಮೂರು ಮೀಟರ್ ಮೇಲೆ ಟ್ಯಾಂಕಿದ್ದರೆ ಒತ್ತಡ 0.3 ಕಿಲೋ ಮಾತ್ರ. ಶವರಿನಲ್ಲಿ ನೀರು ತೊಟ್ಟಿಕ್ಕುತ್ತದೆಂದು ಶವರನ್ನು ಬದಲಿಸಿ ಪ್ರಯೋಜನವಿಲ್ಲ. 15 ಮಿಲಿಮೀಟರ್ ಪೈಪಿನ ಬದಲು 20 ಮಿಲಿಮೀಟರ್ ಪೈಪು ಹಾಕಿದರೆ ಒಳಗಿನ ಜಾಗ ಸುಮಾರು ಮುಕ್ಕಾಲು ಪಾಲು ಹೆಚ್ಚುತ್ತದೆ. ನಾಲ್ಕಿಂಚಿನ ಹೊಲಸು ನೀರಿನ ಪೈಪಿಗೆ ನಲವತ್ತಕ್ಕೆ ಒಂದರ ಇಳಿಜಾರು, ಅಂದರೆ ಹತ್ತು ಅಡಿಗೆ ಮೂರು ಇಂಚು. ವರ್ಗ, ಅನುಪಾತ, ಒತ್ತಡ, ಇವೆಲ್ಲ ಶಾಲೆಯ ಪುಸ್ತಕದಲ್ಲೇ ಇವೆ. ‘ಗಣಿತ ಬರೂದಿಲ್ಲ, ಅದಕ್ಕ ಪ್ಲಂಬರ್ ಆಗ್ತೀನಿ’ ಎನ್ನುವ ಹುಡುಗನಿಗೆ ನಾನು ಹೇಳುವುದು ಇಷ್ಟೆ: ಗಣಿತ ನಿನ್ನನ್ನು ಇಲ್ಲಿಗೂ ಹುಡುಕಿಕೊಂಡು ಬರುತ್ತದೆ.

ಐಟಿಐ ಮುಗಿದ ಮೇಲೆ ಅಪ್ರೆಂಟಿಸ್ ಆಗಿ ಸೇರಬಹುದು. 2019ರ ನಿಯಮದಂತೆ ಐಟಿಐ ಪಾಸಾದವರಿಗೆ ತಿಂಗಳಿಗೆ ಕನಿಷ್ಠ 7,000 ರೂಪಾಯಿ ಸ್ಟೈಪೆಂಡ್ ಗೊತ್ತುಮಾಡಿದ್ದರು. ಅಪ್ರೆಂಟಿಸ್ ದರಗಳನ್ನು ಏರಿಸಬೇಕೆಂದು ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ 2025ರಲ್ಲಿ ಶಿಫಾರಸು ಮಾಡಿತು. ಸರ್ಟಿಫಿಕೇಟ್ ಇಲ್ಲದೆ ಈಗಾಗಲೇ ದುಡಿಯುತ್ತಿರುವವರೂ ಎದೆಗುಂದಬೇಕಿಲ್ಲ. ಇದ್ದ ಅನುಭವವನ್ನೇ ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ‘ಆರ್‌ಪಿಎಲ್’ ವ್ಯವಸ್ಥೆ ಕೌಶಲ ತರಬೇತಿ ಯೋಜನೆಗಳಲ್ಲಿದೆ. 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ ಬಗ್ಗೆಯೂ ಬಹಳ ಜನ ಕೇಳುತ್ತಾರೆ. ಅದರ 18 ಕಸುಬುಗಳಲ್ಲಿ ಬಡಿಗ, ಕಮ್ಮಾರ, ಗೌಂಡಿ ಇದ್ದಾರೆ, ಪ್ಲಂಬರ್ ಇಲ್ಲ. ಏಜೆಂಟರ ಮಾತು ಕೇಳಿ ಹಣ ಕೊಡಬೇಡಿ. ಅದರ ಬದಲು ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿ. 18ರಿಂದ 60 ವರ್ಷದೊಳಗಿದ್ದು, ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ ಪ್ಲಂಬರನೂ ಅಲ್ಲಿ ಸದಸ್ಯನಾಗಬಹುದು.

ಇನ್ನು ಸಂಪಾದನೆ. ಈಗ ನಾನು ದಿನಗೂಲಿಗೆ ಹೋದರೆ 900 ರೂಪಾಯಿ ತೆಗೆದುಕೊಳ್ಳುತ್ತೇನೆ. ಜೊತೆಯ ಹುಡುಗನಿಗೆ 500 ಕೊಡುತ್ತೇನೆ. ಆದರೆ ತಿಂಗಳಿಗೆ ಮೂವತ್ತು ದಿನ ಕೆಲಸ ಸಿಗುತ್ತದೆಂದು ಗುಣಾಕಾರ ಮಾಡಬೇಡಿ. ಇಪ್ಪತ್ತು ದಿನ ಸಿಕ್ಕರೆ ಒಳ್ಳೆಯ ತಿಂಗಳು. ಮಳೆಗಾಲದಲ್ಲಿ ಹದಿನೈದಕ್ಕೂ ಇಳಿಯುತ್ತದೆ. ಇಡೀ ಮನೆಯ ಕೆಲಸ ಗುತ್ತಿಗೆ ಹಿಡಿದರೆ ಉಳಿತಾಯ ಹೆಚ್ಚು, ಆದರೆ ಸಾಮಾನಿಗೆ ಕೈಯಿಂದ ಹಣ ಹಾಕಿ, ಬಾಕಿಗಾಗಿ ತಿಂಗಳುಗಟ್ಟಲೆ ಅಲೆಯುವ ಧೈರ್ಯ ಬೇಕು. ಗಲ್ಫ್ ದೇಶಗಳಿಗೆ ಹೋಗುವ ಆಸೆಯಿದ್ದವರಿಗೆ ಒಂದು ಮಾತು: ಹತ್ತನೇ ತರಗತಿ ಪಾಸಾದವರಿಗೆ ಪಾಸ್‌ಪೋರ್ಟಿನಲ್ಲಿ ವಲಸೆ ತಪಾಸಣೆಯ ಷರತ್ತು ಇರುವುದಿಲ್ಲ. ಕಸುಬಿಗೆ ಹೊರಟವನು ಎಸ್ಸೆಸ್ಸೆಲ್ಸಿಯನ್ನು ಅರ್ಧಕ್ಕೆ ಬಿಡಬಾರದೆನ್ನಲು ಇದೂ ಒಂದು ಕಾರಣ.

ಬೆಂಗಳೂರಿನ ದೊಡ್ಡ ಕಟ್ಟಡಗಳಲ್ಲಿ ಪೈಪು ಹಾಕುವವರನ್ನು ಮಾತಾಡಿಸಿ ನೋಡಿ. ಬಹಳ ಮಂದಿ ಒಡಿಶಾದ ಕೇಂದ್ರಪಾರಾ ಜಿಲ್ಲೆಯವರು. ಅಲ್ಲಿಯ ಪಟ್ಟಮುಂಡೈ ಸುತ್ತಲಿನ ಹಳ್ಳಿಗಳ ಜನ ತಲೆಮಾರುಗಳ ಹಿಂದೆ ಕಲ್ಕತ್ತೆಗೆ ಹೋಗಿ ಈ ಕೆಲಸ ಕಲಿತರು, ಮಕ್ಕಳಿಗೆ ಕಲಿಸಿದರು, ಆಮೇಲೆ ದೇಶದ ಊರೂರಿಗೆ ಹರಡಿದರು. ಈಗ ಪಟ್ಟಮುಂಡೈಯಲ್ಲಿ ಪ್ಲಂಬಿಂಗ್ ಕಲಿಸಲೆಂದೇ ಸರ್ಕಾರದ ಸಂಸ್ಥೆಯಿದೆ. ಅಲ್ಲಿ ಇದು ಸೋತವರ ಕೆಲಸವಲ್ಲ, ಮನೆತನದ ಕಸುಬು.

ನಮ್ಮ ನೆಲಕ್ಕೂ ಈ ವಿದ್ಯೆ ಹೊಸದಲ್ಲ. ವಿಜಾಪುರಕ್ಕೆ ನೀರು ಒದಗಿಸಲು 1651ರಲ್ಲಿ ಬೇಗಂ ತಲಾಬ್ ಕಟ್ಟಿಸಿ, ಮಣ್ಣಿನ ಕೊಳವೆಗಳಲ್ಲಿ ನೀರು ಹರಿಸಿದರು. ಒತ್ತಡಕ್ಕೆ ಕೊಳವೆ ಒಡೆಯದಂತೆ ದಾರಿಯಲ್ಲಿ ಗಂಜ್ ಎಂಬ ಗೋಪುರಗಳನ್ನು ಎಬ್ಬಿಸಿದರು. ಇಂದಿನ ನಮ್ಮ ಹಳ್ಳಿಗಳಲ್ಲಿ 2019ರಲ್ಲಿ ಆರಂಭವಾದ ಜಲಜೀವನ ಮಿಷನ್ ಮನೆಮನೆಗೆ ನಳ ತರುತ್ತಿದೆ. ತಲೆಗೆ ದಿನಕ್ಕೆ 55 ಲೀಟರ್ ಅದರ ಗುರಿ. ಗುತ್ತಿಗೆದಾರ ಪೈಪು ಹುಗಿದು ಹೋಗುತ್ತಾನೆ. ಆಮೇಲೆ ಮೂವತ್ತು ವರ್ಷ ಅದನ್ನು ನೋಡಿಕೊಳ್ಳಲು ಊರಿಗೊಬ್ಬ ಬಲ್ಲವನು ಬೇಕಾಗುತ್ತಾನೆ. ಬಲ್ಲವಳೂ ಆಗಬಹುದು, ಐಟಿಐ ಬಾಗಿಲು ಹೆಣ್ಣುಮಕ್ಕಳಿಗೂ ತೆರೆದಿದೆ, ಹೋಗುವವರು ಮಾತ್ರ ಕಡಿಮೆ.

ತಂದೆತಾಯಿಗಳಲ್ಲಿ ನನ್ನದೊಂದು ವಿನಂತಿ. ಮಗನನ್ನು ಈ ಕೆಲಸಕ್ಕೆ ಕಳಿಸುವುದಾದರೆ ‘ಮತ್ತೇನೂ ಆಗಲಿಲ್ಲ’ ಎಂದು ಹೇಳಿ ಕಳಿಸಬೇಡಿ. ಹಾಗೆ ಬಂದ ಹುಡುಗ ಪ್ಲಾಸ್ಟರ್ ಬೀಳುವ ಮೊದಲು ಪೈಪಿಗೆ ನೀರು ತುಂಬಿ, ಒತ್ತಡ ಕೊಟ್ಟು, ಒಂದೊಂದು ಜಾಯಿಂಟಿಗೂ ಕೈಯಾಡಿಸಿ ನೋಡುವ ತಾಳ್ಮೆ ತೋರುವುದಿಲ್ಲ. ಆ ತಾಳ್ಮೆ ಇದ್ದವನು ಮಾತ್ರ ಕಾಗದದ ಕೆಳಗೆ ತನ್ನ ಹೆಸರನ್ನು ಧೈರ್ಯವಾಗಿ ಬರೆಯಬಲ್ಲ.