ಅಪ್ಪ ಒಕ್ಕಲು, ಮಗ ಧಣಿ

ಬೆಂಗಳೂರಿನಲ್ಲಿ ಸಂಬಳ ಎಣಿಸುವ ಮಗ ಊರಿನ ಮನೆ-ತೋಟವನ್ನು ಅಪ್ಪನಿಂದ ಕ್ರಯಕ್ಕೆ ಕೊಂಡು, ಅಪ್ಪ-ಅಮ್ಮನನ್ನೇ ಅಲ್ಲಿ ಬಾಡಿಗೆಗೆ ಇರಿಸುವುದು ಲೆಕ್ಕಕ್ಕೆ ಬಲು ಸೊಗಸಾದ ಏರ್ಪಾಡು. ಸಾಲ ತೀರಿಸಲು, ಆಸ್ಪತ್ರೆಗೆಂದು ತೆಗೆದಿಡಲು ಹಿರಿಯರಿಗೆ ದುಡ್ಡು ಸಿಗುತ್ತದೆ. ಆಸ್ತಿ ಹೊರಗಿನವರ ಪಾಲಾಗುವುದಿಲ್ಲ. ಜಗಲಿಯೂ ಎಲೆಯಡಿಕೆ ತಟ್ಟೆಯೂ ಇದ್ದಲ್ಲೇ ಇರುತ್ತವೆ. ಕೊಳ್ಳುವುದಕ್ಕೆ ನನ್ನ ತಕರಾರಿಲ್ಲ. ಬಾಡಿಗೆಗೆ ಮಾತ್ರ ಇದೆ.

ದಕ್ಷಿಣ ಕನ್ನಡದ ಎಷ್ಟೋ ಮನೆಗಳಲ್ಲಿ ಇವತ್ತಿನ ಹಿರಿಯರೋ ಅವರ ಅಪ್ಪಂದಿರೋ ಭೂಮಿಯ ಒಡೆಯರಾದದ್ದು 1974ರ ನಂತರ. ಅದಕ್ಕೆ ಮುಂಚೆ ಅವರು ಗೇಣಿ ಒಕ್ಕಲುಗಳು. ಮೂಲಗೇಣಿಯವನಿಗೆ ಮಕ್ಕಳಿಗೂ ಇಳಿದುಬರುವ ಕಾಯಂ ಹಕ್ಕಿತ್ತು. ಚಾಲಗೇಣಿಯವನ ಬದುಕು ಧಣಿಯ ಮರ್ಜಿಯಲ್ಲಿ. ಮುಡಿ ಅಕ್ಕಿ ತಪ್ಪದೆ ಹೊತ್ತುಹಾಕಿದರೂ ಮುಂದಿನ ಮಳೆಗಾಲಕ್ಕೆ ಅದೇ ಗದ್ದೆ ಸಿಕ್ಕೀತೆಂಬ ಭರವಸೆಯಿಲ್ಲ. 1961ರ ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸರ ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಗೇಣಿ ಭೂಮಿ ಸರ್ಕಾರಕ್ಕೆ ಸೇರಿತು. 7ನೇ ನಮೂನೆಯಲ್ಲಿ ಡಿಕ್ಲರೇಶನ್ ಹಾಕಿ ಭೂನ್ಯಾಯಮಂಡಳಿಯಲ್ಲಿ ಗೆದ್ದವರು ಒಡೆಯರಾದರು. ಸೈನಿಕರಂಥ ಕೆಲವರನ್ನು ಬಿಟ್ಟರೆ ಇನ್ಯಾರೂ ಕೃಷಿಭೂಮಿಯನ್ನು ಗೇಣಿಗೆ ಕೊಡಕೂಡದೆಂದು 5ನೇ ಕಲಂ ಹೇಳಿತು. ಹಾಗಾಗಿ ಅಪ್ಪನಿಗೇ ತೋಟವನ್ನು ಗೇಣಿಗೆ ಬರೆದುಕೊಡಲು ಹೊರಟ ಮಗನಿಗೆ ಕಾನೂನೇ ಅಡ್ಡ. ಉಳಿಯುವುದು ಮನೆ. ಅದಕ್ಕೆ ಪೇಟೆಯವರ 11 ತಿಂಗಳ ಕರಾರುಪತ್ರ, ಅವಧಿ ವರ್ಷ ಮೀರಿದರೆ ನೋಂದಣಿ ಕಡ್ಡಾಯ ಎಂಬ ಕಾರಣಕ್ಕೆ ಹುಟ್ಟಿಕೊಂಡದ್ದು. ಚಾಲಗೇಣಿಯವನಿಗೂ ಒಂದು ವರ್ಷದ ಬೆಳೆ ಸಿಗುತ್ತಿತ್ತು. ಅಪ್ಪನಿಗೆ ಅದಕ್ಕಿಂತ ಒಂದು ತಿಂಗಳು ಕಮ್ಮಿ.

ಹೆತ್ತವರನ್ನು ಯಾವ ಮಗ ಹೊರಹಾಕುತ್ತಾನೆ ಎಂದು ಕೇಳಬಹುದು. ಹೆಚ್ಚಿನವರು ಹಾಕುವುದಿಲ್ಲ, ಒಪ್ಪೋಣ. ಆದರೆ ಮಗ ಒಳ್ಳೆಯವನಾದ ಮಾತ್ರಕ್ಕೆ ಅವನ ಸಾಲಗಾರರು ಒಳ್ಳೆಯವರಾಗಬೇಕಿಲ್ಲ. ವ್ಯಾಪಾರ ಮುಳುಗಿ ಆಸ್ತಿ ಜಪ್ತಿಗೆ ಬಂದರೆ ಅಪ್ಪ ಬರೀ ಬಾಡಿಗೆದಾರ. ಮಗನೇ ಮೊದಲು ತೀರಿಕೊಂಡರಂತೂ ಇನ್ನೂ ವಿಚಿತ್ರ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಸೊಸೆ, ಮೊಮ್ಮಕ್ಕಳ ಜೊತೆ ತಾಯಿ ಮೊದಲನೇ ವರ್ಗದ ವಾರಸುದಾರಳು. ತಂದೆ ಎರಡನೇ ವರ್ಗ. ಉಯಿಲಿಲ್ಲದಿದ್ದರೆ, ತಾನೇ ಮಾರಿದ ಭೂಮಿಯಲ್ಲಿ ಅಪ್ಪನಿಗೆ ಅಂಗೈಯಗಲವೂ ಸಿಗದು. ಹಿರಿಯ ನಾಗರಿಕರ ರಕ್ಷಣೆಯ 2007ರ ಕಾಯ್ದೆ ಇದೆಯಲ್ಲ ಎಂದರೆ, ಅದರ 23ನೇ ಕಲಮಿನಲ್ಲಿ ಆಸ್ತಿ ವಾಪಸು ಪಡೆಯಲು, ನೋಡಿಕೊಳ್ಳುವ ಷರತ್ತಿನ ಮೇಲೆ ಅದನ್ನು ಕೊಟ್ಟಿರಬೇಕು. ಪೂರ್ತಿ ಬೆಲೆ ಎಣಿಸಿಕೊಂಡ ಕ್ರಯಪತ್ರದಲ್ಲಿ ಆ ಷರತ್ತು ಎಲ್ಲಿಂದ ಬರಬೇಕು?

ಇದಕ್ಕಿಂತ ನೆಟ್ಟಗಿನ ದಾರಿಯಿದೆ. ಅಪ್ಪ-ಅಮ್ಮ ಇಬ್ಬರೂ ಬದುಕಿರುವಷ್ಟು ಕಾಲ ಮನೆಯಲ್ಲಿ ವಾಸಿಸುವ, ತೋಟದ ಉತ್ಪತ್ತಿ ಅನುಭವಿಸುವ ಹಕ್ಕನ್ನು ಕ್ರಯಪತ್ರದಲ್ಲೇ ಕಾದಿರಿಸಿ ನೋಂದಾಯಿಸುವುದು. ಆಗ ಮುಂದೆ ಯಾರು ಕೊಂಡರೂ ಆ ಹಕ್ಕಿನ ಹೊರೆಯೊಂದಿಗೇ ಕೊಳ್ಳಬೇಕು. ಆಸ್ಟ್ರಿಯಾ, ಬವೇರಿಯಾದ ರೈತರು ಜಮೀನನ್ನು ಮಗನಿಗೆ ಒಪ್ಪಿಸುವಾಗ ವೃದ್ಧರಿಗೆ ಯಾವ ಕೋಣೆ, ಎಷ್ಟು ಹಾಲು, ಎಷ್ಟು ಸೌದೆ ಎಂಬುದನ್ನೂ ಪತ್ರದಲ್ಲಿ ಬರೆಸುತ್ತಿದ್ದರು. ನಮ್ಮಲ್ಲಿ ಹೀಗೆ ಬರೆಸುವುದೆಂದರೆ ನಾಚಿಕೆ. ಅಪ್ಪನ ಕೈಲಿ ಬಾಡಿಗೆ ಕರಾರಿಗೆ ಸಹಿ ಹಾಕಿಸಲು ಆ ನಾಚಿಕೆ ಇಲ್ಲದಿರುವುದು ಸೋಜಿಗ.

ಹಕ್ಕು ಕಾದಿರಿಸಿದರೆ ಬೆಲೆ ಇಳಿಯುತ್ತದೆ, ಅಗ್ಗಕ್ಕೆ ಹೊಡೆದುಕೊಂಡನೆಂದು ಅಕ್ಕತಂಗಿಯರು ಆಡಿಕೊಳ್ಳುತ್ತಾರೆ, ಪೂರ್ತಿ ಬೆಲೆ ಕೊಟ್ಟು ಬಾಡಿಗೆ ಪಡೆದರೆ ವ್ಯವಹಾರ ಶುದ್ಧ ಎಂಬ ಆಕ್ಷೇಪಕ್ಕೆ ತೂಕವಿದೆ. ಆದರೆ ಆ ಬಾಡಿಗೆ ಬರುವುದಾದರೂ ಎಲ್ಲಿಂದ? ಮಗ ಕೊಟ್ಟ ದುಡ್ಡೇ ತಿಂಗಳು ತಿಂಗಳು ಅವನ ಖಾತೆಗೆ ಮರಳುತ್ತದೆ. ಅಪ್ಪ ಗಟ್ಟಿಮುಟ್ಟಾಗಿ ಬಾಳಿದಷ್ಟೂ ಮಗನಿಗೆ ತೋಟ ಅಗ್ಗ. ಪಿತ್ರಾರ್ಜಿತವಾದರೆ 2005ರ ತಿದ್ದುಪಡಿಯ ಮೇಲೆ ಹೆಣ್ಣುಮಕ್ಕಳಿಗೂ ಸಮಪಾಲು, ಅವರ ಸಹಿ ಹೇಗೂ ಬೇಕು. ಸಬ್‌ರಿಜಿಸ್ಟ್ರಾರ್ ಕಚೇರಿಗೆ ಅವರನ್ನೂ ಕರೆದೊಯ್ದು, ಬೆಲೆ ಎಷ್ಟು, ಎಷ್ಟು ಇಳಿಯಿತು, ಯಾಕೆ ಎಂಬುದನ್ನು ಎದುರಿಗೇ ಓದಿಸಿದರಾಯಿತು.