ಆಟದ ಕಾರಿಗೆ ಟ್ರ್ಯಾಕ್ಟರ್ ಗ್ರೀಸು ಹಾಕಿದ್ದು

ಅವರೆ ಹೂವು ಉದುರೋ ವಿಷಯ ಬರೀತೀನಿ ಅಂತ ಹೋದ ವಾರ ಹೇಳಿದ್ದೆ, ಅದು ಮುಂದಿನ ಸಲ. ಈ ಸಲ ಒಂದು ಆಟದ ಕಾರಿನ ವಿಷಯ. ನಗಬೇಡಿ. ಟ್ರ್ಯಾಕ್ಟರ್ ಇಟ್ಟುಕೊಂಡಿರೋರು ಪೂರ್ತಿ ಓದಿ.

ನನ್ನ ಚಿಕ್ಕ ಮಗ ಡಿಪ್ಲೊಮಾ ಮಾಡಿ ಬೆಂಗಳೂರಲ್ಲಿ ಫ್ಯಾಕ್ಟರಿ ಕೆಲಸಕ್ಕೆ ಸೇರಿ ನಾಲ್ಕು ವರ್ಷ ಆಯ್ತು. ಅಲ್ಲಿ ಅವನಿಗೆ ರಿಮೋಟ್ ಕಾರಿನ ರೇಸ್ ಹುಚ್ಚು ಹತ್ತಿದೆ. ಮಕ್ಕಳು ಆಡೋ ಪ್ಲಾಸ್ಟಿಕ್ ಕಾರಲ್ಲ, ನಿಜವಾದ ಗಾಡಿಯ ಹತ್ತನೇ ಒಂದು ಭಾಗದ ಸೈಜು. ಮೋಟರು, ಗೇರು, ಶಾಕ್ ಅಬ್ಸಾರ್ಬರು ಎಲ್ಲಾ ಇರುತ್ತೆ. ಯುಗಾದಿಗೆ ಬಂದಾಗ ಅದರ ಬೆಲೆ ಕೇಳಿ ನಾನು ಬಾಯಿ ಬಿಟ್ಟೆ. "ಆ ದುಡ್ಡಲ್ಲಿ ಬೋರ್ ಮೋಟರು ರಿವೈಂಡಿಂಗ್ ಆಗ್ತಿತ್ತು ಕಣೋ" ಅಂದೆ. ಅವನು ಊಟ ಬಿಟ್ಟು ಎದ್ದ. ಅಲ್ಲಿಂದ ದೀಪಾವಳಿವರೆಗೂ ಫೋನಲ್ಲಿ ಅಮ್ಮನ ಹತ್ರ ಮಾತ್ರ ಮಾತು.

ದೀಪಾವಳಿ ಮುಗಿದ ಮಾರನೇ ಭಾನುವಾರ ಅವನಿಗೆ ರೇಸ್ ಇತ್ತು. ಊರಿಗೆ ಬಂದಾಗ ಕಾರು ತಂದಿದ್ದ. ಶುಕ್ರವಾರ ರಾತ್ರಿ ಜಗಲಿ ಮೇಲೆ ಸ್ಟೀಲ್ ತಟ್ಟೆ ಇಟ್ಕೊಂಡು ಡಿಫರೆನ್ಷಿಯಲ್ ಬಿಚ್ಚಿದ, ಎಲ್ಲಾ ತೊಳೆದು ಒರೆಸಿ, ಮೇಲೆ ಒಂದು ಬಟ್ಟೆ ಮುಚ್ಚಿ ಮಲಗಿದ. ಬೆಳಗ್ಗೆ ಅವರಜ್ಜೀನ ಕರ್ಕೊಂಡು ಬರೋಕೆ ಬೈಕಲ್ಲಿ ಹೋದ. ನಾನು ಬಟ್ಟೆ ತೆಗೆದು ನೋಡ್ದೆ.

ಡಿಫರೆನ್ಷಿಯಲ್ ಅಂದ್ರೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ರಾಗಿ ಒಕ್ಕೋವಾಗ ಗುಂಡಿಗೆ ಜೋಡಿ ಎತ್ತು ಕಟ್ಟಿ ಕಣ ಸುತ್ತಿಸ್ತಿದ್ವಲ್ಲ, ಒಳಗಡೆ ಎತ್ತು ನಿಧಾನ, ಹೊರಗಡೆದು ಬಿರುಸು. ತಿರುವಿನಲ್ಲಿ ಚಕ್ರಗಳದ್ದೂ ಅದೇ ಲೆಕ್ಕ. ಟ್ರ್ಯಾಕ್ಟರಲ್ಲಿ ಆ ಹೆಚ್ಚು ಕಮ್ಮಿ ಸರಿದೂಗಿಸೋದು ಹಲ್ಲಿನ ಗೇರು. ಈ ಕಾರಲ್ಲಿ ಹಲ್ಲಿಲ್ಲ. ಒಂದು ಪ್ಲಾಸ್ಟಿಕ್ ಗೇರಿನ ಹೊಟ್ಟೇಲಿ ಸುತ್ತ ತೂತು, ತೂತಿಗೊಂದು ಗುಂಡು, ಎರಡು ಮಿಲಿಮೀಟರ್ ಚಿಲ್ಲರೆ ಅಷ್ಟೆ. ಆ ಕಡೆ ಈ ಕಡೆ ಒಂದೊಂದು ಉಕ್ಕಿನ ಬಿಲ್ಲೆ. ನಡುವೆ ಒಂದು ಸ್ಕ್ರೂ, ಸ್ಪ್ರಿಂಗು, ರಾಗಿ ಕಾಳಿನಂಥ ಗುಂಡುಗಳ ಇನ್ನೊಂದು ಚಿಕ್ಕ ಬೇರಿಂಗು, ಅದಕ್ಕೆ ಥ್ರಸ್ಟ್ ಬೇರಿಂಗ್ ಅಂತಾರೆ. ಸ್ಕ್ರೂ ಬಿಗಿ ಮಾಡಿದಷ್ಟೂ ಬಿಲ್ಲೆಗಳು ಗುಂಡನ್ನ ಒತ್ತಿ ಹಿಡೀತವೆ. ಇಂಗ್ಲೆಂಡಿನ ಸೆಸಿಲ್ ಶೂಮಾಕರ್ ಅನ್ನೋ ಎಂಜಿನಿಯರ್ 1980ರ ಸುಮಾರಿಗೆ ಈ ಥರದ್ದನ್ನ ಆಟದ ಕಾರಿಗೆ ತಂದರಂತೆ. ಇದು ಮಗ ಆಮೇಲೆ ಹೇಳಿದ್ದು.

ಮೂವತ್ತು ವರ್ಷ ಟ್ರ್ಯಾಕ್ಟರ್ ನೋಡಿರೋನಿಗೆ ಇದೇನು ಮಹಾ ಅನ್ನಿಸ್ತು. ಅವನು ಬರೋಷ್ಟರಲ್ಲಿ ಜೋಡಿಸಿಟ್ರೆ ಖುಷಿ ಆಗ್ತಾನೆ ಅಂತಲೂ ಇತ್ತು, ಸುಳ್ಳು ಯಾಕೆ ಹೇಳ್ಲಿ. ಕನ್ನಡಕ ಹಾಕ್ಕೊಂಡು ಗ್ರೀಸ್ ಡಬ್ಬಿ ತಂದು, ಗುಂಡು, ಬಿಲ್ಲೆ, ಬೇರಿಂಗು ಎಲ್ಲಕ್ಕೂ ಧಾರಾಳವಾಗಿ ಬಳಿದೆ. ಸಾಕು ಅನ್ನಿಸೋವರೆಗೆ ಸ್ಕ್ರೂ ತಿರುಗಿಸಿದೆ. ಕೈಯಲ್ಲಿ ತಿರುಗಿಸಿದ್ರೆ ಬೆಣ್ಣೆ ಥರ ನುಣ್ಣಗೆ.

ಮಗ ಬಂದು ನೋಡಿ "ಸೇರಿಸಿಬಿಟ್ಯಾ ಅಪ್ಪ?" ಅಂತ ನಕ್ಕ. ಎಂಟು ತಿಂಗಳಾದ ಮೇಲೆ ನನ್ನ ಹತ್ರ ನಕ್ಕಿದ್ದು. ನನ್ನ ಮೇಲಿನ ನಂಬಿಕೇಲಿ ಒಳಗೆ ನೋಡಲೂ ಇಲ್ಲ, ಕಾರಿಗೆ ಹಾಕಿ ಕಣದಲ್ಲಿ ಓಡಿಸಿದ. ನಾಲ್ಕು ಸುತ್ತು. ಆಮೇಲೆ ಮೋಟರು ಕೂಗುತ್ತೆ, ಕಾರು ಮುಂದಕ್ಕೆ ಹೋಗಲ್ಲ. ಬಿಚ್ಚಿದ್ರೆ ಗುಂಡು ಕೂರೋ ತೂತುಗಳು ಬಿಸಿಗೆ ಮೆತ್ತಗಾಗಿ ಅಗಲ ಆಗಿದ್ವು. ಬೇರೆ ಗೇರು ಅವನ ಹತ್ರ ಇರಲಿಲ್ಲ. ಭಾನುವಾರದ ರೇಸ್ ಅಲ್ಲಿಗೆ ಮುಗೀತು.

ಬೈದಿದ್ರೆ ವಾಸಿ ಇತ್ತು. ಬೈಲಿಲ್ಲ. ಕೈ ತೊಳೆದು ತೋಟದ ಕಡೆ ಹೋದ. ನಾನು ಹಸುಗೆ ಹುಲ್ಲು ಹಾಕೋ ನೆಪದಲ್ಲಿ ಕೊಟ್ಟಿಗೇಲೇ ಕೂತಿದ್ದೆ. ಸಂಜೆ ಅವನೇ ಬಂದು "ಬಾ ಅಪ್ಪ, ಯಾಕೆ ಹಂಗಾಯ್ತು ತೋರಿಸ್ತೀನಿ" ಅಂದ.

ಟ್ರ್ಯಾಕ್ಟರಲ್ಲಿ ಹಲ್ಲು ಹಲ್ಲನ್ನ ತಳ್ಳುತ್ತೆ, ಅಲ್ಲಿ ಎಣ್ಣೆ ಜಾಸ್ತಿ ಇದ್ರೂ ಶಕ್ತಿ ಚಕ್ರಕ್ಕೆ ಹೋಗುತ್ತೆ. ಇಲ್ಲಿ ಬಿಲ್ಲೆ ಮತ್ತು ಗುಂಡಿನ ಹಿಡಿತವೇ ಎಲ್ಲಾ. ಹಿಡಿತ ತಪ್ಪಿ ಜಾರಿದ್ರೆ ಬಿಸಿ, ಬಿಸಿ ಆದ್ರೆ ಗುಂಡಿನ ಒಂದು ಮಗ್ಗುಲು ಸವೀತದೆ, ಪ್ಲಾಸ್ಟಿಕ್ ಹಾಳು. ಅದಕ್ಕೇ ದೊಡ್ಡ ಗುಂಡುಗಳಿಗೆ ನೀರಿನಂಥ ಬಣ್ಣದ ಸಿಲಿಕೋನ್ ಗ್ರೀಸು, ಅದೂ ತೆಳ್ಳಗೆ. ಕರೀ ಗ್ರೀಸು ಥ್ರಸ್ಟ್ ಬೇರಿಂಗಿಗೆ ಮಾತ್ರ. ಅಲ್ಲಿ ಒತ್ತಡ ಜಾಸ್ತಿ, ಹಿಡಿತ ಬೇಕಿಲ್ಲ. ನಾನು ಎರಡಕ್ಕೂ ಒಂದೇ ಡಬ್ಬಿ ತೋರಿಸಿದ್ದೆ.

ಎಲ್ಲಾ ಪೆಟ್ರೋಲಲ್ಲಿ ತೊಳೆದ್ವಿ. ಬಿಲ್ಲೆಗಳ ಮೇಲೆ ಗುಂಡು ಓಡಿದ ಗೀರು ಬಿದ್ದಿತ್ತು. ಹಳೇ ಫೋಟೋದ ಗಾಜು ತಂದು, ಮೇಲೆ 600 ನಂಬರ್ ಉಪ್ಪುಕಾಗದ ಇಟ್ಟು, ಬಿಲ್ಲೇನ ಬೆರಳಲ್ಲಿ ಒತ್ತಿ 8ರ ಆಕಾರದಲ್ಲಿ ಉಜ್ಜೋಕೆ ಹೇಳ್ದ. ಬರೀ ಹಿಂದೆ ಮುಂದೆ ಉಜ್ಜಿದ್ರೆ ಒಂದು ಕಡೆ ತಗ್ಗಾಗುತ್ತಂತೆ. ನಾನು ಒಂದು, ಅವನೊಂದು. ಹೊಳಪು ಹೋಗಿ ಒಂದೇ ಸಮ ಮಂಕು ಬಣ್ಣ ಬಂದ್ರೆ ಸಾಕು. ಗೀರು ಜಾಸ್ತಿ ಇದ್ರೆ ಬಿಲ್ಲೆ ಮಗುಚಿ ಇನ್ನೊಂದು ಮುಖ ಉಪಯೋಗಿಸಬಹುದು. ತಿರುಗಿಸುವಾಗ ಮರಳು ಸಿಕ್ಕಂಗೆ ಗರಗರ ಅಂದ್ರೆ ಬಹಳಷ್ಟು ಸಲ ತಪ್ಪು ದೊಡ್ಡ ಗುಂಡಿನದಲ್ಲ, ಆ ರಾಗಿ ಕಾಳಿನ ಬೇರಿಂಗಿದು. ನಮ್ಮದರಲ್ಲೂ ಅದೇ. ಒಂದು ಗುಂಡು ಕೈ ಜಾರಿ ಜಗಲಿ ಸಂದಿಗೆ ಬಿತ್ತು, ಹುಡುಕಿ ಕೊಟ್ಟಿದ್ದು ನನ್ನ ಹೆಂಡತಿ.

ಸ್ಕ್ರೂ ಬಿಗಿ ಮಾಡೋದೂ ಒಂದೇ ಸಲ ಅಲ್ಲ. ಸ್ವಲ್ಪ ಬಿಗಿ, ಕೈಯಲ್ಲಿ ತಿರುಗಿಸಿ ಗುಂಡು ಕೂರಿಸೋದು, ಮತ್ತೆ ಸ್ವಲ್ಪ. ಸ್ಪ್ರಿಂಗ್ ಪೂರ್ತಿ ಒತ್ತಿದ್ದು ಗೊತ್ತಾದ ತಕ್ಷಣ ಒಂದಿಷ್ಟು ಹಿಂದಕ್ಕೆ ಬಿಡಬೇಕು, ಎಂಟನೇ ಒಂದು ಸುತ್ತು ಅಂದ. ಕಾರಿಗೆ ಹಾಕಿದ ಮೇಲೆ ಎರಡೂ ಚಕ್ರ ಗಟ್ಟಿಯಾಗಿ ಹಿಡಿದು ಗೇರು ತಿರುಗಿಸಿ ನೋಡ್ಬೇಕು, ಒಳಗೆ ಜಾರಬಾರದು. ಆಮೇಲೆ ಒಂದು ಚಕ್ರ ಹಿಡಿದು ಮೋಟರು ನಿಧಾನಕ್ಕೆ ಅರ್ಧ ನಿಮಿಷ, ಇನ್ನೊಂದು ಚಕ್ರ ಹಿಡಿದು ಅರ್ಧ ನಿಮಿಷ. ಆಮೇಲೆ ಬಿಗಿ ಮತ್ತೆ ನೋಡೋದು.

ಇದನ್ನೆಲ್ಲಾ ಕೇಳ್ತಾ ನನ್ನದೇ ಒಂದು ತಪ್ಪು ನೆನಪಾಗಿ ಹೇಳ್ದೆ. ಕೆರೆ ಗೋಡು ಹೊಡೆಯೋವಾಗ ಟ್ರ್ಯಾಕ್ಟರ್‌ದು ಒಂದು ಚಕ್ರ ಸುಮ್ನೆ ಸುತ್ತುತ್ತಿತ್ತು, ಡಿಫರೆನ್ಷಿಯಲ್ ಲಾಕ್ ಪೆಡಲು ತುಳಿದೆ. ಈಚೆ ಬಂದ ಮೇಲೆ ಗಟ್ಟಿ ನೆಲದಲ್ಲಿ ಕಾಲು ತೆಗೀದೇ ತಿರುಗಿಸಿದೆ. ಹಿಂದಿನ ಎರಡೂ ಚಕ್ರ ಒಂದೇ ವೇಗ, ತಿರುಗೋಕೆ ಜಾಗ ಇಲ್ಲ, ಒಳಗೆ ಹಲ್ಲು ಮುರೀತು. ಕಡ್ಲೆಕಾಯಿ ಮಾರಿದ ದುಡ್ಡು ಅದಕ್ಕೇ ಹೋಯ್ತು. ಮೆಕ್ಯಾನಿಕ್ ಕೇಳಿದಾಗ "ಹಳೇ ಗೇರು, ತಾನೇ ಹೋಯ್ತು" ಅಂದಿದ್ದೆ. ಮಗನಿಗೆ ಆ ವರ್ಷ ಹೊಸ ಸೈಕಲ್ ಕೊಡಿಸೋ ಮಾತಾಗಿತ್ತು. "ಓ, ಅದಕ್ಕಾ?" ಅಂದ. ಲಾಕ್ ಹಾಕಿದ್ರೆ ನೇರ ಹೋಗಿ, ತಿರುಗೋ ಮೊದಲು ಕಾಲು ತೆಗೀರಿ. ನಮ್ಮೂರಲ್ಲಿ ಹೊಸದಾಗಿ ಟ್ರ್ಯಾಕ್ಟರ್ ಹಿಡಿದಿರೋ ಹುಡುಗರು ಇದ್ದಾರೆ, ಅದಕ್ಕೇ ಬರೆದೆ.

ಭಾನುವಾರ ರಾತ್ರಿ ಬಸ್ಸಿಗೆ ಅವನು ಹೊರಟ. ಗೇರಿನ ದುಡ್ಡು ನಾನು ಕೊಡ್ತೀನಿ ಅಂದ್ರೆ ತಗೊಳ್ಳಲಿಲ್ಲ. ಮೊನ್ನೆ ಫೋನ್ ನೇರ ನನಗೇ ಬಂತು. ಹೊಸ ಗೇರು ಹಾಕಿದೀನಿ, ಕೇಳಿಸ್ಕೋ ಅಂತ ಫೋನ್ ಹತ್ರ ಚಕ್ರ ತಿರುಗಿಸಿದನಂತೆ. "ಏನೂ ಕೇಳಿಸ್ತಿಲ್ಲ ಕಣೋ" ಅಂದೆ. "ಸರಿ ಹಂಗಾದ್ರೆ" ಅಂದ. ಒಕ್ಕಣೆಗೆ ಬರ್ತೀಯಾ ಅಂತ ಕೇಳ್ದೆ. ಬರೋ ತಿಂಗಳು ಇನ್ನೊಂದು ರೇಸ್ ಐತಂತೆ, ಅದು ನೋಡಿಕೊಂಡು ಹೇಳ್ತೀನಿ ಅಂದಿದಾನೆ.

ಗ್ರೀಸ್ ಡಬ್ಬಿ ಮೇಲೆ ಈಗ ಪೆನ್ನಲ್ಲಿ ದೊಡ್ಡದಾಗಿ ಟ್ರ್ಯಾಕ್ಟರ್ ಅಂತ ಬರೆದಿಟ್ಟಿದೀನಿ. ರಾಗಿ ಒಕ್ಕೋ ಮಷಿನ್ನು ಶನಿವಾರ ನಮ್ಮ ಕಣಕ್ಕೆ ಬರುತ್ತೆ, ಅಕ್ಕಪಕ್ಕದೋರಿಗೆ ಬೇಕಿದ್ರೆ ಶುಕ್ರವಾರದೊಳಗೆ ಹೇಳಿ.