ಗೌರವ ಕಾನ್ಸುಲ್
ನಮ್ಮ ಸಂಘದ ಗೌರವ ಕಾರ್ಯದರ್ಶಿಗಳಿಗೆ ಸಂಬಳವಿಲ್ಲವೆಂಬುದು ತಮಗೆಲ್ಲ ಗೊತ್ತು. ಪರದೇಶವೊಂದರ ಪರವಾಗಿ ದುಡಿಯುವ ಗೌರವ ಕಾನ್ಸುಲ್‌ಗಳದೂ ಸಾಮಾನ್ಯವಾಗಿ ಇದೇ ಪಾಡು. ನಾವಿರುವ ಡೆಸ್ ಪ್ಲೇನ್ಸ್‌ನಲ್ಲಿ 2020ರ ಗಣತಿಯಂತೆ 60 ಸಾವಿರಕ್ಕೂ ಹೆಚ್ಚು ಜನ. ಪೆಸಿಫಿಕ್ಕಿನ ದ್ವೀಪರಾಷ್ಟ್ರ ತುವಾಲುವಿನಲ್ಲಿ 2017ರಲ್ಲಿ ಇದ್ದವರು 11 ಸಾವಿರಕ್ಕೂ ಕಡಿಮೆ. ಅಷ್ಟು ಚಿಕ್ಕ ದೇಶ ಊರೂರಿಗೆ ಕಚೇರಿ ತೆರೆದೀತೆ? ಅಂಥವು ಯಾವುದಾದರೂ ಕಂಪೆನಿಯ ಹಿರಿಯ ಅಧಿಕಾರಿಯನ್ನು ಒಪ್ಪಿಸಿ ಕಾನ್ಸುಲ್ ಮಾಡುವುದುಂಟು. ಬಿರುದಿನ ಆಸೆಗೆ ಒಪ್ಪುವವರೂ ಇದ್ದಾರು, ಇರಲಿ.

1963ರ ವಿಯೆನ್ನಾ ಒಪ್ಪಂದ ಹಾಕಿರುವ ಒಂದು ಕಟ್ಟು ನಮಗೆ ಬಹಳ ಹಿಡಿಸಿತು. ಗೌರವ ಕಾನ್ಸುಲ್ ಕಚೇರಿಯ ಕಡತಗಳನ್ನು ಯಾರೂ ಮುಟ್ಟುವಂತಿಲ್ಲ. ಆದರೆ ಅವನ್ನು ಸ್ವಂತ ಪತ್ರಗಳಿಂದಲೂ ವ್ಯಾಪಾರದ ಕಾಗದಗಳಿಂದಲೂ ಬೇರೆಯಾಗಿ ಇಟ್ಟಿದ್ದರೆ ಮಾತ್ರ. ಬೆರೆಸಿದರೆ ರಕ್ಷಣೆ ಹೋಯಿತು. ಪ್ರಯೋಗಶಾಲೆಯಲ್ಲಿ ಸೀಸೆಗಳಿಗೆ ಚೀಟಿ ಅಂಟಿಸುತ್ತ ಬಂದ ನಮಗೆ ಇದು ಹೊಸತಲ್ಲ. ಪಾಸ್‌ಪೋರ್ಟು ಕಳೆದುಕೊಂಡು ಬಂದು ನಿಂತ ದ್ವೀಪದ ಹುಡುಗನ ಅರ್ಜಿ ಮಾರಾಟದ ಬಿಲ್ಲುಗಳ ನಡುವೆ ಸಿಕ್ಕಿಕೊಳ್ಳಬಾರದಲ್ಲ!